ಹೆಸರು ಮೈಸೂರಿನದು, ಹಲ್ಲಿ ಬೆಂಗಳೂರಿನದು: ಬಂಡೆ ಹಲ್ಲಿಗಳ 170 ವರ್ಷದ ಗೋಜಲು

ಹಲ್ಲಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಗೋಡೆ ಹಲ್ಲಿ. ಟ್ಯೂಬ್‌ಲೈಟ್ ಹಿಂದೆ ಕೂತು ಹುಳ ಹಿಡಿಯುತ್ತದೆ, ಮಾತಿನ ಮಧ್ಯೆ ಲೊಚಗುಟ್ಟಿದರೆ ಅಜ್ಜಿ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಾರೆ, ಮೈಮೇಲೆ ಬಿದ್ದರೆ ಫಲ ನೋಡೋಕೆ ಪಂಚಾಂಗ ಹುಡುಕುತ್ತಾರೆ. ಆದರೆ ಹೆಚ್ಚಾಗಿ ರಾತ್ರಿ ಮಲಗಿ ಹಗಲು ಓಡಾಡುವ, ಮನೆಯ ಕಡೆ ಅಷ್ಟಾಗಿ ತಲೆ ಹಾಕದ ಇನ್ನೊಂದು ಹಲ್ಲಿ ಕುಲವೂ ಇದೆ. ಅದಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ನೆಮಾಸ್ಪಿಸ್.

ಕೆಲವು ವರ್ಷಗಳಿಂದ ಪೇಪರಿನಲ್ಲಿ ‘ಹೊಸ ಹಲ್ಲಿ ಪತ್ತೆ’ ಅನ್ನುವ ಸುದ್ದಿ ಬರುತ್ತಲೇ ಇದೆ. ಒಂದಕ್ಕೆ ಜಾಕಿ ಚಾನ್ ಹೆಸರು, ಇನ್ನೊಂದಕ್ಕೆ ಚಿತ್ರಕಾರ ವ್ಯಾನ್ ಗೋ ಹೆಸರು. ಅವುಗಳಲ್ಲಿ ಬಹಳಷ್ಟು ಇದೇ ಕುಲದವು. ‘ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು? ಸುಮ್ನೆ ಹೆಸರು ಜಾಸ್ತಿ ಮಾಡ್ತಿದ್ದಾರಾ?’ ಅಂತ ಸ್ನೇಹಿತರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಸ್ವಲ್ಪ ಉದ್ದ, ಮತ್ತು ಅದು ಶುರುವಾಗುವುದು ನಮ್ಮ ಮೈಸೂರಿನ ಹೆಸರಿನಿಂದ.

1853. ಮೈಸೂರು ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಅರಮನೆಯಲ್ಲಿ. ಮದರಾಸು ಸೈನ್ಯದ ವೈದ್ಯ ಥಾಮಸ್ ಜೆರ್ಡನ್ ಅನ್ನುವವರು ದಕ್ಷಿಣ ಭಾರತದ ಸರೀಸೃಪಗಳ ಪಟ್ಟಿ ಮಾಡುತ್ತಿದ್ದರು. ಹಕ್ಕಿಗಳ ಬಗ್ಗೆ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಅವರು ಬೆಂಗಳೂರಿನ ಒಂದು ಪುಟ್ಟ ಹಲ್ಲಿಗೆ ‘ಮೈಸೋರಿಯೆನ್ಸಿಸ್’ ಅಂತ ಹೆಸರಿಟ್ಟರು. ಅಂದರೆ ಮೈಸೂರು ಸೀಮೆಯದು. ಮೈಸೂರು ಪಾಕ್, ಮೈಸೂರು ರೇಷ್ಮೆ, ಮೈಸೂರು ವೀಳ್ಯದೆಲೆ ಜೊತೆಗೆ ಮೈಸೂರು ಹಲ್ಲಿಯೂ ಒಂದಾಯಿತು, ಅದು ಬೆಂಗಳೂರಿನದಾದರೂ!

ತೊಂದರೆ ಇಲ್ಲೇ ಶುರು. ಜೆರ್ಡನ್ ಬರೆದ ವಿವರಣೆ ತೀರಾ ಚಿಕ್ಕದು, ಅವರು ನೋಡಿದ ಹಲ್ಲಿಯ ಮಾದರಿ ಆಮೇಲೆ ಕಳೆದೇ ಹೋಯಿತು. ಹೀಗಾಗಿ ಕಂದು ಬಣ್ಣದ, ಬೆನ್ನ ಮೇಲೆ ಚುಕ್ಕಿ ಇರುವ ಪುಟ್ಟ ಬಂಡೆ ಹಲ್ಲಿ ಎಲ್ಲಿ ಸಿಕ್ಕರೂ ಈ ಹೆಸರು, ಇಲ್ಲವೇ ಇಂಥದ್ದೇ ಎರಡು ಮೂರು ಹಳೆ ಹೆಸರಲ್ಲಿ ಒಂದನ್ನು ಅಂಟಿಸಿ ಮುಂದೆ ಹೋದರು. ಅದು ನಿಜಕ್ಕೂ ಬೆಂಗಳೂರಿನ ಹಲ್ಲಿಯೇ ಹೌದಾ ಅಂತ ತಾಳೆ ನೋಡೋಣ ಅಂದರೆ ಮೂಲ ಮಾದರಿಯೇ ಇಲ್ಲ. ಅದರ ಜಾಗಕ್ಕೆ ಹೊಸದೊಂದನ್ನು ಆರಿಸಿ, ‘ಮೈಸೋರಿಯೆನ್ಸಿಸ್ ಅಂದರೆ ಇದು’ ಅಂತ ಸರಿಯಾಗಿ ಬರೆದಿಟ್ಟಿದ್ದು 2009ರಲ್ಲಿ. ಅಷ್ಟರಲ್ಲಿ 156 ವರ್ಷ ಕಳೆದಿತ್ತು.

ನಡುವಿನ ಕಾಲದಲ್ಲಿ ಈ ಹಲ್ಲಿಗಳು ಮನೆ, ಅಂದರೆ ಕುಲದ ಹೆಸರು, ಬದಲಾಯಿಸುತ್ತಲೇ ಇದ್ದವು: ಮೊದಲು ಜಿಮ್ನೊಡ್ಯಾಕ್ಟಿಲಸ್ ಅಂದರು, ಆಮೇಲೆ ಗೊನಟೋಡಿಸ್ ಅಂದರು, 1930ರ ದಶಕದಲ್ಲಿ ಸರೀಸೃಪ ತಜ್ಞ ಮಾಲ್ಕಮ್ ಸ್ಮಿತ್ ಅವರು ನೆಮಾಸ್ಪಿಸ್‌ಗೆ ತಂದು ಕೂರಿಸಿದರು. ಈ ನೆಮಾಸ್ಪಿಸ್ ಅನ್ನುವ ಹೆಸರನ್ನು ಪ್ರಾಣಿಶಾಸ್ತ್ರಜ್ಞ ಅಲೆಕ್ಸಾಂಡರ್ ಸ್ಟ್ರೌಖ್ 1887ರಲ್ಲಿ ಹುಟ್ಟುಹಾಕಿದ್ದು ವಿಯೆಟ್ನಾಂ ಕಡಲಿನ ಕಾನ್ ದಾವ್ ದ್ವೀಪಗಳ ಹಲ್ಲಿಯೊಂದಕ್ಕೆ. ಅದನ್ನು ಆಫ್ರಿಕಾ, ಭಾರತ, ಶ್ರೀಲಂಕಾ, ಮಲೇಷ್ಯಾ ಎಲ್ಲದಕ್ಕೂ ಎಳೆದುಕೊಂಡು ಬಂದರು. ದುಂಡು ಪಾಪೆ, ಸಣಕಲು ಬೆರಳು, ಹಗಲು ಓಡಾಟ, ಇಷ್ಟಿದ್ದರೆ ಸಾಕಿತ್ತು.

ಡಿಎನ್‌ಎ ನೋಡಲು ಶುರು ಮಾಡಿದ ಮೇಲೆ, 2012ರ ಹೊತ್ತಿಗೆ, ಆಫ್ರಿಕಾ, ಭಾರತ-ಶ್ರೀಲಂಕಾ, ವಿಯೆಟ್ನಾಂ-ಮಲೇಷ್ಯಾ ಈ ಮೂರು ಕಡೆಯ ಹಲ್ಲಿಗಳು ಹತ್ತಿರದ ನೆಂಟರೇ ಅಲ್ಲ ಅಂತ ಗೊತ್ತಾಯಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಮೂವರು ಮಂಜುನಾಥ ಇದ್ದ ಹಾಗೆ. ಹೆಸರು ಒಂದೇ, ಮನೆ ಬೇರೆ. ಆಫ್ರಿಕಾದವಕ್ಕೆ 2022ರಲ್ಲಿ ಆನ್ಸಿಲೊಡ್ಯಾಕ್ಟಿಲಸ್ ಅನ್ನುವ ಹಳೆ ಹೆಸರನ್ನು ವಾಪಸ್ ಕೊಟ್ಟರು. ನೆಮಾಸ್ಪಿಸ್ ಅನ್ನುವುದು ನ್ಯಾಯವಾಗಿ ಸೇರಬೇಕಾದ್ದು ವಿಯೆಟ್ನಾಂ ಕಡೆಯವಕ್ಕೆ. ನಮ್ಮವು ಎರವಲು ಹೆಸರಲ್ಲಿ ಕಾಲ ಹಾಕುತ್ತಾ ಬಂದವು ಅನ್ನಬೇಕು.

ಈಗ ಬಂಡೆಗೆ ಬರೋಣ. ನನಗೆ ಇಷ್ಟವಾದ ಭಾಗ ಇದೇ.

ಪಾಂಡವಪುರದ ಕುಂತಿಬೆಟ್ಟಕ್ಕೆ ನಾನು ಆಗಾಗ ಹೋಗುತ್ತೇನೆ. ಈ ಊರನ್ನು ಹಿಂದೆ ಫ್ರೆಂಚ್ ರಾಕ್ಸ್ ಅಂತಲೇ ಕರೆಯುತ್ತಿದ್ದರು, ಬಂಡೆಯೇ ಊರಿನ ಗುರುತು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಎರಡು ಬಂಡೆ ಆತುಕೊಂಡ ಸಂದಿಯಲ್ಲಿ ಐದು ನಿಮಿಷ ಅಲುಗಾಡದೆ ಕೂರಬೇಕು. ಮೊದಲು ಏನೂ ಇರುವುದಿಲ್ಲ. ಆಮೇಲೆ ಬಂಡೆಯ ಒಂದು ಮಚ್ಚೆ ಅಲುಗುತ್ತದೆ. ಬಾಲ ಬಿಟ್ಟರೆ ಹೆಬ್ಬೆರಳ ಉದ್ದವೂ ಇಲ್ಲ. ಕಣ್ಣಿನ ಪಾಪೆ ದುಂಡಗೆ, ಮನುಷ್ಯರ ಹಾಗೆ. ಗೋಡೆ ಹಲ್ಲಿಯ ಪಾಪೆ ಹಗಲಲ್ಲಿ ಬೆಕ್ಕಿನದರ ಹಾಗೆ ಸೀಳಿಕೊಂಡಿರುತ್ತದಲ್ಲ, ಇದು ಹಾಗಿಲ್ಲ. ಬೆರಳಿನ ಕೆಳಗೆ ಅಂಟುವ ಅಗಲ ಪಟ್ಟಿಯೂ ಇಲ್ಲ, ಉಗುರೇ ಆಧಾರ. ಹಾಗಾಗಿ ನುಣುಪು ಗೋಡೆ ಇದಕ್ಕೆ ಆಗಿಬರುವುದಿಲ್ಲ, ಒರಟು ಕಲ್ಲೇ ಬೇಕು. ಅಪಾಯ ಕಂಡರೆ ಬಂಡೆಯಿಂದ ಬಂಡೆಗೆ ಟಣ್ಣನೆ ನೆಗೆಯುತ್ತದೆ. ಜಾಕಿ ಚಾನ್ ಹೆಸರು ಸುಮ್ಮನೆ ಬಂದದ್ದಲ್ಲ.

ಸಂದಿಯ ಮೇಲ್ಭಾಗಕ್ಕೆ ಎರಡೆರಡು ಬಿಳಿ ಮೊಟ್ಟೆ ಅಂಟಿಸಿರುತ್ತವೆ, ಪುಟ್ಟ ಬಟಾಣಿಯ ಹಾಗೆ. ಮರಿ ಆಚೆ ಬಂದ ಮೇಲೂ ಚಿಪ್ಪಿನ ಬುಡ ಕಲ್ಲಿಗೆ ಅಂಟಿಕೊಂಡು ಬಿಳಿ ಬಳೆಯ ಹಾಗೆ ಉಳಿಯುತ್ತದೆ. ಒಂದೇ ಜಾಗದಲ್ಲಿ ಇಪ್ಪತ್ತು ಮೂವತ್ತು ಬಳೆ ಎಣಿಸಿದ್ದೇನೆ. ಆವತ್ತು ಕುರಿ ಕಾಯುತ್ತಿದ್ದ ಯಜಮಾನರೊಬ್ಬರು ಪಕ್ಕ ಬಂದು ನಿಂತು, ‘ಏನ್ ಸಾ ಕಳ್ಕೊಂಡ್ರಿ?’ ಅಂದರು. ತೋರಿಸಿದೆ. ‘ಓ, ಅದಾ. ಬಂಡೆ ಹಲ್ಲಿ ಕನ್ ಸಾ. ಇದು ಬಂಡೆ ಬುಟ್ಟು ಎಲ್ಲೂ ಹೋಗಾಕಿಲ್ಲ.’

ಆ ಮಾತಿನಲ್ಲೇ ಎಲ್ಲ ಇದೆ. 2020ರಲ್ಲಿ ಮೈಸೂರು ಪ್ರಸ್ಥಭೂಮಿಯ ಗ್ರಾನೈಟ್ ಬಂಡೆಗಳ ಹಲ್ಲಿಗಳ ಬಗ್ಗೆ ಬಂದ ಒಂದು ಅಧ್ಯಯನ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಬಂಡೆ ಸಂದಿ ತಂಪು, ಅಲ್ಲಿ ತೇವ ಉಳಿಯುತ್ತದೆ. ಸುತ್ತಲಿನ ಬಯಲು ಒಣಗಿ, ಬಿಸಿಯಾಗಿ, ಮತ್ತೆ ಹಸಿರಾಗಿ ಏನೇನೋ ಆದರೂ ಸಂದಿಯೊಳಗಿನ ಹವೆ ಅಷ್ಟಾಗಿ ಬದಲಾಗಲಿಲ್ಲ. ಹಲ್ಲಿ ಒಳಗೇ ಉಳಿಯಿತು. ಬಯಲು ದಾಟಿ ಪಕ್ಕದ ಬೆಟ್ಟಕ್ಕೆ ಹೋಗುವುದು ಅದಕ್ಕೆ ಸಮುದ್ರ ದಾಟಿದ ಹಾಗೆ. ಒಂದೊಂದು ಬೆಟ್ಟದ ಗುಂಪು ಒಂದೊಂದು ದ್ವೀಪ. ಈ ಕವಲು ಬೇರೆಯಾಗಿದ್ದು ಮಯೋಸೀನ್ ಕಾಲದಲ್ಲಿ, ಅಂದರೆ 50 ಲಕ್ಷ ವರ್ಷಕ್ಕೂ ಹಿಂದೆ. ನೋಡೋಕೆ ಎಲ್ಲ ಒಂದೇ ಥರ, ಒಳಗೆ ಅಷ್ಟು ದೂರ. ಎನ್‌ಡಿ2 ಅನ್ನುವ ಜೀನ್ ಓದಿ, ಬೆನ್ನಿನ ಗಂಟು, ಹೊಟ್ಟೆಯ ಹುರುಪೆ ಸಾಲು, ಗಂಡಿನ ತೊಡೆಯ ರಂಧ್ರ ಎಲ್ಲ ಎಣಿಸಿ ಅದೇ ಅಧ್ಯಯನ ಮೂರು ಹೊಸ ಪ್ರಭೇದ ಹೆಸರಿಸಿತು. ಕೋಲಾರದ ಚಿನ್ನದ ಸೀಮೆಯದಕ್ಕೆ ಕನ್ನಡದಲ್ಲೇ ‘ಬಂಗಾರ’ ಅಂತ ಹೆಸರು. ಇನ್ನೊಂದು ಆಂಧ್ರದ್ದು, ಮತ್ತೊಂದು ತಮಿಳುನಾಡಿನ ಯಲಗಿರಿಯದು. ಅದೇ ವರ್ಷ ನಮ್ಮ ಪ್ರಸ್ಥಭೂಮಿಯ ಒಂದು ಒಂಟಿ ಗ್ರಾನೈಟ್ ಬೆಟ್ಟದಿಂದ ಇನ್ನೊಂದು ಹಲ್ಲಿಯನ್ನೂ ಬೇರೆ ಮಾಡಿದರು. ಅದಕ್ಕೂ ಮುಂಚೆ, 2015ರಲ್ಲಿ, ಹಂಪಿಯ ಕಲ್ಲುಗಳ ನಡುವೆ ಒಂದು ಸಿಕ್ಕಿತ್ತು.

ಆಮೇಲೆ ಲೆಕ್ಕ ಓಡಿತು. 2021ರಲ್ಲಿ ಪಶ್ಚಿಮ ಘಟ್ಟದಿಂದ ಒಂದೇ ಸಲಕ್ಕೆ 12. ಶ್ರೀಲಂಕಾದಲ್ಲಿ ನಲವತ್ತರ ಆಸುಪಾಸು. ಎಲ್ಲ ಸೇರಿ ಈ ಹೆಸರಿನಡಿ ಪ್ರಭೇದಗಳ ಸಂಖ್ಯೆ ಇನ್ನೂರು ದಾಟಿದೆ. ಸ್ನೇಹಿತರ ಪ್ರಶ್ನೆಗೆ ಉತ್ತರ ಇಷ್ಟೇ: ಹಲ್ಲಿ ಹೊಸದಲ್ಲ, ನಾವು ನೋಡಿದ್ದು ತಡವಾಗಿ. ಕೆಲವು ಪ್ರಭೇದಗಳನ್ನು ತೀರಾ ಸಣ್ಣ ವ್ಯತ್ಯಾಸಕ್ಕೆ ಒಡೆದರೇನೋ ಅನ್ನುವ ಗುಮಾನಿ ನನಗೂ ಬರುತ್ತದೆ, ಸುಳ್ಳು ಹೇಳಲ್ಲ. ಆದರೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದ ಕಾಲಕ್ಕಿಂತ ಇದು ವಾಸಿ.

ಹೆಸರು ಸಿಕ್ಕರೆ ಒಳ್ಳೆಯದೇ ಆಗುತ್ತದೆ ಅಂತಲೂ ಇಲ್ಲ. ವಿಯೆಟ್ನಾಂನ ಹೊನ್ ಖ್ವಾಯ್ ದ್ವೀಪದಲ್ಲಿ ನೇರಳೆ, ನೀಲಿ, ಕಿತ್ತಳೆ ಬಣ್ಣದ ಹಲ್ಲಿಗೆ 2010ರಲ್ಲಿ ಹೆಸರಿಟ್ಟರು. ಸಾಕುವ ಶೋಕಿಯವರ ಕಣ್ಣು ಅದರ ಮೇಲೆ ಬಿತ್ತು. 2016ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ಕಂದು ಹಲ್ಲಿಯನ್ನು ಯಾರೂ ಶೋಕಿಗೆ ಸಾಕುವುದಿಲ್ಲ, ಆ ಭಯ ಕಮ್ಮಿ. ಇಲ್ಲಿ ಬೇಡಿಕೆ ಇರುವುದು ಬಂಡೆಗೆ.

ಮಂಡ್ಯ ಜಿಲ್ಲೆಯಲ್ಲಿ ಕಲ್ಲಿನ ಮಾತು ಬಂದರೆ ಅದು ಬೇಬಿ ಬೆಟ್ಟಕ್ಕೇ ಹೋಗಿ ನಿಲ್ಲುತ್ತದೆ. ಅಲ್ಲಿನ ಕಲ್ಲು ಗಣಿಗಳ ಸಿಡಿತದಿಂದ ಕೆಆರ್‌ಎಸ್ ಅಣೆಕಟ್ಟೆಗೆ ಧಕ್ಕೆಯಾ ಇಲ್ಲವಾ ಅಂತ ವರ್ಷಗಟ್ಟಲೆ ಜಗ್ಗಾಟ ನಡೆಯಿತು, 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂದಿತು. ಅಣೆಕಟ್ಟೆಯ ಚಿಂತೆ ಸರಿಯಾದದ್ದೇ, ನಮ್ಮ ಗದ್ದೆ, ನಲ್ಲಿ ಎರಡಕ್ಕೂ ಅದೇ ನೀರು. ಆದರೆ ನಾನು ಓದಿದ ಅಷ್ಟೂ ಸುದ್ದಿಯಲ್ಲಿ ಬೆಟ್ಟದ ಮೇಲೆ ಏನೇನು ಬದುಕಿದೆ ಅನ್ನುವ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಮೇಲುಕೋಟೆಯಲ್ಲಿ ತೋಳಕ್ಕೆ 1974ರಲ್ಲೇ ವನ್ಯಧಾಮ ಆಯಿತು, ಆದಿಚುಂಚನಗಿರಿಯಲ್ಲಿ ನವಿಲಿಗೂ ಆಯಿತು. ಸಂದಿಯ ಹಲ್ಲಿಗೆ ಯಾರು ಅರ್ಜಿ ಹಾಕುತ್ತಾರೆ? ಒಂದೇ ಬೆಟ್ಟದಲ್ಲಿರುವ ಪ್ರಭೇದಕ್ಕೆ ಬೆಟ್ಟ ಹೋದರೆ ಪಕ್ಕದ ಊರಿಗೆ ಗುಳೆ ಹೋಗುವ ದಾರಿ ಇಲ್ಲ.

ಬೇರೆಯವರ ಕಡೆ ಬೆರಳು ತೋರಿಸೋಕೆ ನನಗೆ ಬಾಯಿಲ್ಲ. ನಮ್ಮ ಮನೆ ಪಾಯಕ್ಕೆ ಎರಡು ಲೋಡು ಸೈಜುಗಲ್ಲು ಹಾಕಿಸಿದ್ದೆ. ಇಳಿಸುವಾಗ ಒಂದು ಕಲ್ಲಿನ ಹಳೆಯ ಮುಖದ ಮೇಲೆ ಏಳೆಂಟು ಬಿಳಿ ಬಳೆ ಕಂಡವು, ಯಾವ ಹಲ್ಲಿಯವೋ. ಮೇಸ್ತ್ರಿ ಬಗ್ಗಿ ನೋಡಿ, ಉಗುರಿನಿಂದ ಕೆರೆದು, ‘ಸುಣ್ಣ ಏನೋ ಅಂಟದೆ ಸಾ, ಏನಾಗಲ್ಲ’ ಅಂದರು. ಆ ಮುಖವನ್ನು ಒಳಗೆ ಮಾಡಿ ಕೂರಿಸಿ, ಮೇಲೆ ಗಾರೆ ಎಳೆದರು.