ಚದುರಿದ ಹಾಡುಗಳನ್ನು ಆಲ್ಬಂ ಮಾಡಿಕೊಳ್ಳೋದು ಹೇಗೆ?

ಪ್ರಶ್ನೆ: ನನ್ನ ಮೆಚ್ಚಿನ ಗಾಯಕಿ ತಾವೇ ಹಾಡು ಬರೆದು ಹಾಡುವವರು. ಬಿ-ಸೈಡ್ (ಸಿಂಗಲ್ ರೆಕಾರ್ಡಿನ ಹಿಂಬದಿಯ ಹಾಡು), ಡೆಮೊ (ಕರಡು ರೆಕಾರ್ಡಿಂಗ್), ರೇಡಿಯೋಗೆ ಹಾಡಿದ್ದು, ಸಿನಿಮಾಕ್ಕೆ ಕೊಟ್ಟಿದ್ದು ಅಂತ ಯಾವ ಆಲ್ಬಂನಲ್ಲೂ ಇಲ್ಲದ ಮೂವತ್ತು ಹಾಡು ಕೂಡಿಟ್ಟಿದ್ದೇನೆ. ಇವನ್ನು ಸೇರಿಸಿ ಮನೆಯಲ್ಲೇ ಒಂದು ಆಲ್ಬಂ ಮಾಡಿಕೊಳ್ಳೋ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಯಾವ ಹಾಡು ಬಿಡಬೇಕು ಅಂತ ನೋಡಿ. ಮೂವತ್ತನ್ನೂ ಸಾಲಾಗಿ ಹಾಕಿದರೆ ಅದೊಂದು ಸಂಗ್ರಹ ಆಗುತ್ತದೆ. ಸಂಗ್ರಹಕ್ಕೂ ಬೆಲೆ ಇದೆ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1998ರಲ್ಲಿ ತಂದ ‘ಟ್ರ್ಯಾಕ್ಸ್’ನಲ್ಲಿ ನಾಲ್ಕು ಸಿ.ಡಿ., 66 ಹಾಡು. ಬೇಕಾದ್ದನ್ನು ಆರಿಸಿ ಕೇಳೋಕೆ ಅದು ಚೆನ್ನ, ಒಂದೇ ಸಲ ಕೂತು ಕೇಳೋಕೆ ಜಾಸ್ತಿಯೇ ಆಯಿತು. ನಿಮಗೆ ಬೇಕಾಗಿರೋದು ಕೂತು ಕೇಳುವಂಥದ್ದು, ಅಲ್ವಾ? ಹಾಗಾದರೆ 40 ನಿಮಿಷಕ್ಕೆ ನಿಲ್ಲಿಸಿ. ಹಳೆಯ ಎಲ್‌ಪಿ ರೆಕಾರ್ಡಿನ ಒಂದು ಬದಿಗೆ 20 ನಿಮಿಷದಷ್ಟು ಹಿಡಿಯುತ್ತಿತ್ತು. ಆ ಅಳತೆ ಇವತ್ತಿಗೂ ಕಿವಿಗೆ ಹಿತ.

ಆರಿಸೋದು ಹೇಗೆ? ಒಂದೇ ಕಾಲದ ಹಾಡುಗಳನ್ನು ಹಿಡಿಯಿರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎರಡು ಮೂರು ವರ್ಷದ ಒಳಗಿನ ಹಾಡುಗಳಲ್ಲಿ ದನಿ ಒಂದೇ ಇರುತ್ತದೆ, ಮನಸ್ಸಿನಲ್ಲಿ ಓಡುತ್ತಿರುವ ವಿಷಯವೂ ಹೆಚ್ಚುಕಡಿಮೆ ಒಂದೇ. ಆದರೆ ನೋಡಬೇಕಾದ್ದು ಹಾಡು ಹೊರಬಂದ ವರ್ಷವನ್ನಲ್ಲ, ರೆಕಾರ್ಡ್ ಆದ ವರ್ಷವನ್ನು. ಬಾಬ್ ಡಿಲನ್ ‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’ ಹಾಡಿದ್ದು 1983ರಲ್ಲಿ, ‘ಇನ್ಫಿಡೆಲ್ಸ್’ ಆಲ್ಬಂಗಾಗಿ. ಆಲ್ಬಂನಿಂದ ಅದನ್ನು ಕೈಬಿಟ್ಟರು. ಜನರ ಕೈಗೆ ಅಧಿಕೃತವಾಗಿ ಬಂದಿದ್ದು 1991ರಲ್ಲಿ. ಅದನ್ನು ಬರೀ ಬಿಡುಗಡೆಯ ವರ್ಷ ನೋಡಿ ಜೋಡಿಸಿದರೆ ತನ್ನದಲ್ಲದ ಹಾಡುಗಳ ನಡುವೆ ಕೂರುತ್ತದೆ.

ಒಂದೇ ಹಾಡಿನ ಮೂರು ರೂಪ ಸಿಕ್ಕಿದ್ದರೆ ಒಂದನ್ನೇ ಇಟ್ಟುಕೊಳ್ಳಿ. ಆಲ್ಬಂನಲ್ಲಿ ಆಗಲೇ ಇರುವ ಹಾಡಿನ ಡೆಮೊ ಬೇಡ. ಸಾಲುಗಳೇ ಬೇರೆ ಇದ್ದರೆ ಮಾತ್ರ ಇರಲಿ.

ಇನ್ನು ಜೋಡಣೆ. ಇಲ್ಲಿ ಸಮಯ ಕೊಡಿ. ಒಂದು ಹಾಡಿನ ಕೊನೆಯ ಹತ್ತು ಸೆಕೆಂಡ್, ಮುಂದಿನದರ ಮೊದಲ ಹತ್ತು ಸೆಕೆಂಡ್, ಇಷ್ಟನ್ನೇ ಮತ್ತೆ ಮತ್ತೆ ಕೇಳಿ. ಸ್ಟುಡಿಯೋದ ತುಂಬು ವಾದ್ಯಗಳ ಹಾಡು ಮುಗಿದ ಕೂಡಲೇ ಕ್ಯಾಸೆಟ್ಟಿನ ‘ಸ್ಸ್’ ಸದ್ದಿನ ಡೆಮೊ ಬಂದರೆ ಕಿವಿ ಎಡವುತ್ತದೆ. ಅಂಥ ಡೆಮೊಗಳನ್ನು ಮೂರು ನಾಲ್ಕು ಒಟ್ಟಿಗೇ ಇಡಿ. ಎರಡನೆಯದರ ಹೊತ್ತಿಗೆ ಆ ಸದ್ದು ಗಮನಕ್ಕೇ ಬರೋದಿಲ್ಲ. ಸಾಫ್ಟ್‌ವೇರ್ ಹಾಕಿ ಅದನ್ನು ಪೂರ್ತಿ ತೆಗೆಯೋಕೆ ಹೋಗಬೇಡಿ. ಹಾಡುವವರ ಉಸಿರು, ತಂತಿಯ ಮೇಲೆ ಬೆರಳು ಜಾರಿದ ಸದ್ದು, ಎಲ್ಲ ಅದರ ಜೊತೆಗೇ ಹೋಗುತ್ತವೆ. ಲೈವ್ ಹಾಡಿನ ಚಪ್ಪಾಳೆಯನ್ನು ಮೆಲ್ಲಗೆ ಇಳಿಸಿಬಿಡಿ.

ದನಿ ಯಾಕೋ ಕೀರಲು ಅನ್ನಿಸಿದರೆ ಟೇಪು ವೇಗವಾಗಿ ಓಡಿರಬಹುದು. ಆಡಾಸಿಟಿ ಅನ್ನೋ ಉಚಿತ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ವೇಗವನ್ನು ಎರಡು ಮೂರು ಪರ್ಸೆಂಟ್ ಇಳಿಸಿ ನೋಡಿ.

ವಾಲ್ಯೂಮ್ ಸರಿಮಾಡುವಾಗ ಮೆಲು ಹಾಡನ್ನು ಏರಿಸೋದಕ್ಕಿಂತ ಜೋರು ಹಾಡನ್ನು ಇಳಿಸೋದು ವಾಸಿ. ಏರಿಸಿದರೆ ಗದ್ದಲವೂ ಏರುತ್ತದೆ. ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಎಲ್ಲವನ್ನೂ −18 LUFSಗೆ (ಸದ್ದಿನ ಜೋರು ಅಳೆಯುವ ಮಾನ) ಇಟ್ಟರೆ ಸಾಮಾನ್ಯವಾಗಿ ಸಾಕು. ತಿದ್ದಿದ್ದನ್ನು ಗುಣ ಕೆಡಿಸದ ಫ್ಲಾಕ್ (FLAC) ಫೈಲಾಗಿ ಉಳಿಸಿ. ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದಷ್ಟೂ ಗುಣ ಕೆಡುತ್ತದೆ. ಮೂಲ ಫೈಲುಗಳು ಬೇರೆ ಫೋಲ್ಡರ್‌ನಲ್ಲಿ ಹಾಗೇ ಇರಲಿ.

ಕೊನೆಗೆ ಟ್ಯಾಗ್, ಅಂದರೆ ಫೈಲಿನೊಳಗೆ ಬರೆದಿಡುವ ಹಾಡಿನ ವಿವರ. ಆಲ್ಬಂ ಹೆಸರು, ಆಲ್ಬಂ ಆರ್ಟಿಸ್ಟ್ ಎಲ್ಲ ಹಾಡಿಗೂ ಅಕ್ಷರ ತಪ್ಪದೆ ಒಂದೇ ಇರಬೇಕು, ಇಲ್ಲದಿದ್ದರೆ ಪ್ಲೇಯರ್ ಮತ್ತೆ ಎಲ್ಲವನ್ನೂ ಚದುರಿಸುತ್ತದೆ. ಕಾಮೆಂಟ್ ಜಾಗದಲ್ಲಿ ಹಾಡು ಎಲ್ಲಿಂದ ಸಿಕ್ಕಿತು, ಯಾವಾಗ ರೆಕಾರ್ಡ್ ಆಯಿತು ಅಂತ ಬರೆದಿಡಿ. ಹಕ್ಕು ಗಾಯಕಿಯದ್ದೋ ಅವರ ಕಂಪನಿಯದ್ದೋ ಆಗಿರುತ್ತದೆ, ಹಾಗಾಗಿ ಆಲ್ಬಂ ನಿಮ್ಮಲ್ಲೇ ಇರಲಿ, ಎಲ್ಲೂ ಅಪ್‌ಲೋಡ್ ಮಾಡಬೇಡಿ. ಮುಂದೆ ಅವರೇ ಈ ಹಾಡುಗಳನ್ನು ಹೊರತಂದರೆ ದುಡ್ಡು ಕೊಟ್ಟು ಕೊಳ್ಳಿ. ಮೂಲ ಟೇಪಿನಿಂದ ತೆಗೆದದ್ದಾದರೆ ನಿಮ್ಮ ಪ್ರತಿಗಿಂತ ಚೆನ್ನಾಗಿಯೇ ಕೇಳಿಸುತ್ತದೆ.