ತೊಗರಿಗೆ ತೆರೆದ ಬಾಗಿಲು, ಲಸಿಕೆಗೆ ಮುಚ್ಚಿದ ಬಾಗಿಲು

2021ರ ಮೇ ತಿಂಗಳ ಎರಡನೇ ವಾರ. ಆಳಂದ ಕಡೆಯ ಒಂದು ಆರೋಗ್ಯ ಕೇಂದ್ರದ ಮುಂದೆ ಬೆಳಿಗ್ಗೆ ಆರಕ್ಕೇ ಚಪ್ಪಲಿಗಳ ಸಾಲು. ಒಬ್ಬರಿಗೊಬ್ಬರು ತಾಗಬಾರದೆಂದು ಜನ ತಮ್ಮ ತಮ್ಮ ಚಪ್ಪಲಿಯನ್ನು ಪಾಳಿಗೆ ಬಿಟ್ಟು ಬೇವಿನ ಮರದ ಕೆಳಗೆ ಕೂತಿದ್ದರು. ನಮ್ಮ ಕಾಕಾನ ಚಪ್ಪಲಿ ಹದಿನಾಲ್ಕನೆಯದು. ಮಾರ್ಚ್‌ನಲ್ಲಿ ಮೊದಲ ಡೋಸ್ ಹಾಕಿಸಿಕೊಂಡ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಎಂಟರ ಸುಮಾರಿಗೆ ಸಿಸ್ಟರ್ ಹೊರಗೆ ಬಂದರು. "ಇವತ್ತ ಸ್ಟಾಕ್ ಬಂದಿಲ್ರಿ ಕಾಕಾ. ಫೋನ್ ಮಾಡ್ತೀವಿ, ಆವಾಗ ಬರ್ರಿ" ಎಂದರು. ಅವರ ದನಿಯಲ್ಲೂ ದಣಿವಿತ್ತು.

ಕಾಕಾ ಚಪ್ಪಲಿ ಹಾಕಿಕೊಳ್ಳುತ್ತಾ ಒಂದೇ ಮಾತು ಕೇಳಿದ: "ನಮ್ಮ ದೇಶದಾಗೇ ಮಾಡ್ತಾರಂತ. ನಮಗೇ ಇಲ್ಲಂದ್ರ ಹ್ಯಾಂಗ?"

ದೇಶದ ಮೊದಲ ಕೋವಿಡ್ ಸಾವು ದಾಖಲಾದ ಊರು ನಮ್ಮ ಕಲಬುರಗಿ. ಅದು 2020ರ ಮಾರ್ಚ್ 10. ರೋಗದ ಭಯ ನಮಗೆ ಉಳಿದವರಿಗಿಂತ ಮೊದಲೇ ಗೊತ್ತಾಗಿತ್ತು. ಲಸಿಕೆ ತಯಾರಾಗುವ ಜಾಗಗಳೂ ನಮಗೆ ದೂರದವಲ್ಲ. ನಮ್ಮ ರೈಲು ನಿಲ್ದಾಣದಲ್ಲಿ ನಿಂತರೆ ಒಂದು ದಿಕ್ಕಿಗೆ ಹೋಗುವ ಗಾಡಿ ಸೊಲ್ಲಾಪುರ ದಾಟಿ ಪುಣೆಗೆ ಹೋಗುತ್ತದೆ. ಅಲ್ಲಿ ಕೋವಿಶೀಲ್ಡ್ ತಯಾರಿಸಿದ ಸೀರಂ ಇನ್‌ಸ್ಟಿಟ್ಯೂಟ್ ಇದೆ. ಇನ್ನೊಂದು ದಿಕ್ಕಿನ ಗಾಡಿ ವಾಡಿ ದಾಟಿ ಹೈದರಾಬಾದ್‌ಗೆ. ಅಲ್ಲಿ ಕೊವ್ಯಾಕ್ಸಿನ್ ಮಾಡಿದ ಭಾರತ್ ಬಯೋಟೆಕ್. ಎರಡೂ ಕಾರ್ಖಾನೆಗಳ ನಡುವಿನ ಹಳಿಯ ಮೇಲೆ ಕೂತ ಊರಿಗೆ ಲಸಿಕೆ ಸಿಗಲಿಲ್ಲ ಎಂದರೆ ಕಾಕಾನ ಪ್ರಶ್ನೆ ನ್ಯಾಯವಾದದ್ದೇ.

ಅದೇ ವಾರ ಇನ್ನೊಂದು ಸುದ್ದಿ ಬಂತು. ಮೇ 15ರಂದು ಕೇಂದ್ರ ಸರ್ಕಾರ ತೊಗರಿ, ಉದ್ದು, ಹೆಸರು ಆಮದಿನ ಮೇಲಿದ್ದ ನಿರ್ಬಂಧ ಸಡಿಲಿಸಿತು. ಕಾಕಾ ಫೋನ್ ಮಾಡಿದ: "ಲಸಿಕಿ ಬರವಲ್ದು, ಹೊರಗಿನ ತೊಗರಿ ಬರ್ಲಕತ್ತದ ನೋಡು." ತೊಗರಿ ಕಣಜ ಎನ್ನಿಸಿಕೊಂಡ, ತನ್ನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಜಿಲ್ಲೆಯ ರೈತನಿಗೆ ಅದು ಸಣ್ಣ ಸುದ್ದಿಯಲ್ಲ. ದೇಶದ ಹಿತ ಎಂದರೇನು, ಮುಕ್ತ ವ್ಯಾಪಾರ ಎಂದರೇನು ಎಂಬುದನ್ನು ಅವನು ಪುಸ್ತಕದಲ್ಲಿ ಓದಿಲ್ಲ. ಕಲಬುರಗಿಯ ಮಾರುಕಟ್ಟೆ ನೆಹರು ಗಂಜಿನ ಅಡತಿ ಅಂಗಡಿಯಲ್ಲಿ, ಚೀಲದ ದರದಲ್ಲಿ ಅನುಭವಿಸಿದ್ದಾನೆ. 2006ರಲ್ಲಿ ಬೇಳೆಕಾಳು ರಫ್ತು ನಿಷೇಧವಾಯಿತು. ತೊಗರಿಯ ಮಟ್ಟಿಗೆ ಅದು ತೆರವಾಗಲು 2017ರ ತನಕ ಕಾಯಬೇಕಾಯಿತು. ದರ ಏರಿದಾಗ ಹೊರಗೆ ಕಳಿಸುವಂತಿರಲಿಲ್ಲ, ಬೇಳೆ ತುಟ್ಟಿಯಾದರೆ ಹೊರಗಿನದು ಒಳಗೆ ಬರುತ್ತದೆ. ತಿನ್ನುವವನ ಹಿತಕ್ಕೆ ಬೆಳೆಯುವವನು ಬೆಲೆ ತೆರುತ್ತಾನೆ.

ಲಸಿಕೆಯ ಕಥೆಯನ್ನು ನಾನು ಇದೇ ಹಾದಿಯಲ್ಲಿ ನೋಡಲು ಶುರು ಮಾಡಿದೆ. ನೋಡುತ್ತಾ ಹೋದಂತೆ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ತೊಗರಿ ಒಂದೇ ಹೊಲದಲ್ಲಿ ಬೆಳೆಯುತ್ತದೆ. ಲಸಿಕೆ ಹಾಗಲ್ಲ.

ಕೋವಿಶೀಲ್ಡ್‌ನ ಒಂದು ಡೋಸ್ ಅರ್ಧ ಮಿಲಿಲೀಟರ್. ಆ ಹನಿಯೊಳಗೆ 5 ಸಾವಿರ ಕೋಟಿ ವೈರಸ್ ಕಣಗಳಿರುತ್ತವೆ. ಇವು ಕೊರೊನಾ ವೈರಸ್ ಅಲ್ಲ. ಚಿಂಪಾಂಜಿಗಳಿಗೆ ನೆಗಡಿ ತರುವ ಒಂದು ವೈರಸ್ಸನ್ನು ಮನುಷ್ಯನ ದೇಹದಲ್ಲಿ ಹೆಚ್ಚದಂತೆ ಮಾಡಿ, ಕೊರೊನಾದ ಮೈಮೇಲಿನ ಮುಳ್ಳು ಪ್ರೊಟೀನಿನ ವಂಶವಾಹಿಯನ್ನು ಅದರೊಳಗೆ ಸೇರಿಸಿದ್ದು. ಇದನ್ನು ಬೆಳೆಸಲು ಜೀವಂತ ಕೋಶಗಳು ಬೇಕು. ಕೋಶಗಳು ಬದುಕಲು ಸಕ್ಕರೆ, ಅಮೈನೋ ಆಮ್ಲ, ಲವಣ ಕೂಡಿದ ಪೋಷಕ ದ್ರವ ಬೇಕು. ಅವನ್ನು ಬೆಳೆಸುವ ದೊಡ್ಡ ತೊಟ್ಟಿಯ ಒಳಗೆ ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಚೀಲ ಹಾಸುತ್ತಾರೆ. ಹೀಗಾಗಿ ಒಂದು ಬ್ಯಾಚಿನ ಕಲ್ಮಶ ಇನ್ನೊಂದಕ್ಕೆ ಹೋಗುವುದಿಲ್ಲ. ಬೆಳೆದ ಮೇಲೆ ಕೋಶದ ಚೂರುಗಳನ್ನು ಸೋಸಿ ತೆಗೆಯಬೇಕು. ಅದಕ್ಕೆ ಬೇಕಾದ ಸೋಸುಪರದೆಗಳನ್ನು ಮಾಡುವ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಕೊನೆಗೆ ಗಾಜಿನ ವಯಲ್, ರಬ್ಬರ್ ಬಿರಡೆ.

ಈ ಸರಪಳಿಯ ಯಾವ ಕೊಂಡಿ ಯಾವ ದೇಶದಲ್ಲಿದೆ ಎಂದು ಹುಡುಕಿದರೆ ಆಶ್ಚರ್ಯವಾಗುತ್ತದೆ. ಫೈಝರ್ ಲಸಿಕೆಗೆ ಬೇಕಾದದ್ದು 280 ಘಟಕಗಳು, ಅವನ್ನು ಪೂರೈಸುವವರು 19 ದೇಶಗಳ 86 ಕಂಪನಿಗಳು. ನಾವು ಅಪ್ಪಟ ಸ್ವದೇಶಿ ಎಂದು ಹೆಮ್ಮೆಪಟ್ಟ ಕೊವ್ಯಾಕ್ಸಿನ್‌ನಲ್ಲಿ ರೋಗನಿರೋಧಕ ಶಕ್ತಿಯನ್ನು ಕೆರಳಿಸಲು ಸೇರಿಸಿದ ಒಂದು ಅಣು ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಸಣ್ಣ ಕಂಪನಿಯ ಸಂಶೋಧನೆ. ಹೆಮ್ಮೆ ಇದರಿಂದ ಕಡಿಮೆಯಾಗಬೇಕಿಲ್ಲ. ವೈರಸ್ಸನ್ನು ಬೆಳೆಸಿ, ಕೊಂದು, ಲಸಿಕೆಯಾಗಿಸಿದ ಕೆಲಸ ನಮ್ಮವರದೇ. ನೋವಾವ್ಯಾಕ್ಸ್ ಲಸಿಕೆಯನ್ನು ಪುಣೆಯಲ್ಲಿ ಕೋವೋವ್ಯಾಕ್ಸ್ ಹೆಸರಿನಲ್ಲಿ ಮಾಡಿದರು. ಅದಕ್ಕೆ ಬೇಕಾದ ಸಪೋನಿನ್ ಬರುವುದು ಚಿಲಿ ದೇಶದ ಒಂದು ಮರದ ತೊಗಟೆಯಿಂದ. ನಮ್ಮಲ್ಲಿ ಅಂಟುವಾಳದ ಕಾಯಿ ನೆನೆಸಿ ತಲೆಗೆ ಹಚ್ಚುತ್ತೇವಲ್ಲ, ನೊರೆ ಬರಿಸುವ ಅದೇ ಜಾತಿಯ ವಸ್ತು ಅದು. ಆಂಡಿಸ್ ಬೆಟ್ಟದ ತಪ್ಪಲಿನ ತೊಗಟೆ ಇಲ್ಲದೆ ಪುಣೆಯ ಲಸಿಕೆ ಇಲ್ಲ.

2021ರ ಆರಂಭದಲ್ಲಿ ಅಮೆರಿಕ ತನ್ನ 1950ರ ರಕ್ಷಣಾ ಉತ್ಪಾದನಾ ಕಾಯ್ದೆಯನ್ನು ಬಳಸಿ, ಚೀಲ-ಸೋಸುಪರದೆ ಮಾಡುವ ಕಂಪನಿಗಳು ಮೊದಲು ತನ್ನ ಲಸಿಕೆ ತಯಾರಕರ ಆರ್ಡರ್ ಮುಗಿಸಬೇಕು ಎಂದಿತು. ರಫ್ತು ನಿಷೇಧ ಎಂಬ ಪದ ಅದರಲ್ಲಿ ಇರಲಿಲ್ಲ. ಆದರೆ ಉಳಿದವರ ಆರ್ಡರ್ ಪಾಳಿಯ ಕೊನೆಗೆ ಹೋಯಿತು. ಏಪ್ರಿಲ್ 16ರಂದು ಸೀರಂ ಸಂಸ್ಥೆಯ ಮುಖ್ಯಸ್ಥ ಅದಾರ್ ಪೂನಾವಾಲಾ ಕಚ್ಚಾ ವಸ್ತುಗಳನ್ನು ಬಿಡಿ ಎಂದು ಅಮೆರಿಕದ ಅಧ್ಯಕ್ಷರನ್ನು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ನಮ್ಮಲ್ಲಿ ಚಿತೆಗಳು ಉರಿಯುತ್ತಿದ್ದವು. ಏಪ್ರಿಲ್ 25ರಂದು ಸಾಮಗ್ರಿ ಕೊಡುವುದಾಗಿ ಅಮೆರಿಕ ಘೋಷಿಸಿತು.

ನಾವೂ ಅದನ್ನೇ ಮಾಡಿದೆವು. ಜನವರಿ 20ರಂದು ಭೂತಾನ್, ಮಾಲ್ದೀವ್ಸ್‌ಗಳಿಂದ ಶುರುವಾದ, ಹೊರದೇಶಗಳಿಗೆ ಲಸಿಕೆ ಕಳಿಸುವ ನಮ್ಮ ಲಸಿಕೆ ಮೈತ್ರಿಯಲ್ಲಿ ಏಪ್ರಿಲ್ ಮಧ್ಯದ ಹೊತ್ತಿಗೆ ಸುಮಾರು 95 ದೇಶಗಳಿಗೆ 6 ಕೋಟಿ 60 ಲಕ್ಷದಷ್ಟು ಡೋಸ್ ಹೋಗಿತ್ತು. ಎರಡನೇ ಅಲೆ ಎದ್ದಕೂಡಲೇ ಹರಿವು ನಿಂತಿತು. ಇಲ್ಲೂ ಬೀಗ ಹಾಕಿದ ಸದ್ದು ಕೇಳಲಿಲ್ಲ; ಬಾಗಿಲು ಮಾತ್ರ ಮುಚ್ಚಿತ್ತು. ಬಡ ದೇಶಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇತರರು ಕೂಡಿ ಕಟ್ಟಿದ ಕೋವ್ಯಾಕ್ಸ್ ಎಂಬ ಸಾಮೂಹಿಕ ವ್ಯವಸ್ಥೆ ಹೆಚ್ಚಾಗಿ ಪುಣೆಯನ್ನೇ ನೆಚ್ಚಿಕೊಂಡಿತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಬರಬೇಕಿದ್ದ 9 ಕೋಟಿ ಡೋಸ್‌ಗೆ ತಡೆ ಬಿತ್ತು. ಕೋವ್ಯಾಕ್ಸ್‌ಗೆ ಪುಣೆಯಿಂದ ಮತ್ತೆ ಲಸಿಕೆ ಹೊರಟಿದ್ದು ನವೆಂಬರ್‌ನಲ್ಲಿ.

ಕಾಕಾನ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹೇಳಬೇಕೆಂದು ಒಂದು ಸಂಜೆ ಕೂತೆ. ದೇಶದ ವಯಸ್ಕರು ಸುಮಾರು 94 ಕೋಟಿ. ಎರಡು ಡೋಸ್‌ನಂತೆ 188 ಕೋಟಿ ಬೇಕು. ಹೊರಗೆ ಹೋದ 6 ಕೋಟಿ 60 ಲಕ್ಷ ಅದರ ನೂರರಲ್ಲಿ ಮೂರೂವರೆ ಪಾಲು. ಅಷ್ಟನ್ನೂ ಇಟ್ಟುಕೊಂಡಿದ್ದರೆ 3 ಕೋಟಿ 30 ಲಕ್ಷ ಜನರಿಗೆ ಪೂರ್ಣ ಲಸಿಕೆ ಆಗುತ್ತಿತ್ತು. ಆ ಜನ ಬರೀ ಲೆಕ್ಕವಲ್ಲ. ಆ ಮೇ ತಿಂಗಳಲ್ಲಿ ಆಕ್ಸಿಜನ್ ಬೆಡ್‌ಗಾಗಿ ಅಲೆದವರನ್ನು ನೋಡಿದ ನಾನು ಅದನ್ನು ಹಗುರವಾಗಿ ಹೇಳಲಾರೆ. ಆದರೆ ಕೊರತೆಯ ಬೇರು ಬೇರೆ ಕಡೆ ಇತ್ತು. ಅಮೆರಿಕ 10 ಕೋಟಿ ಫೈಝರ್ ಡೋಸ್‌ಗೆ ಒಪ್ಪಂದ ಮಾಡಿಕೊಂಡಿದ್ದು 2020ರ ಜುಲೈನಲ್ಲಿ, ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ. ನಮ್ಮ ಸರ್ಕಾರ ಸೀರಂಗೆ ಕೊಟ್ಟ ಮೊದಲ ಆರ್ಡರ್ 2021ರ ಜನವರಿಯದು, ಅದೂ 1 ಕೋಟಿ 10 ಲಕ್ಷ ಡೋಸ್‌ಗೆ. ಬಿತ್ತುವ ಹೊತ್ತಿಗೆ ಮುಂಗಡ ಕೊಟ್ಟವನಿಗೆ ಕೊಯ್ಲಿನಲ್ಲಿ ಮೊದಲ ಮಾತು ಇರುತ್ತದೆ. ಇದು ಗಂಜಿನ ಪ್ರತಿ ಹಮಾಲಿಗೂ ಗೊತ್ತಿರುವ ಸಂಗತಿ.

ಮುಕ್ತ ವ್ಯಾಪಾರವೊಂದೇ ಸಾಕು ಎನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಎಲ್ಲ ಬಾಗಿಲು ತೆರೆದಿಟ್ಟರೆ ಮಾಲು ಹಣವಿದ್ದ ಕಡೆಗೆ ಹರಿಯುತ್ತದೆ. ದಕ್ಷಿಣ ಆಫ್ರಿಕಾದ ಕಾರ್ಖಾನೆಯಲ್ಲಿ ವಯಲ್‌ಗೆ ತುಂಬಿದ ಜಾನ್ಸನ್ ಅಂಡ್ ಜಾನ್ಸನ್ ಲಸಿಕೆ 2021ರಲ್ಲಿ ಯುರೋಪಿಗೆ ರಫ್ತಾಯಿತು. ಆಗ ಆಫ್ರಿಕಾದ ಬಹುಪಾಲು ಜನಕ್ಕೆ ಒಂದು ಡೋಸೂ ಸಿಕ್ಕಿರಲಿಲ್ಲ. ಅದೇ ಯುರೋಪ್ ತನ್ನಲ್ಲಿಂದ ಹೊರಹೋಗುವ ಲಸಿಕೆಗೆ ಅನುಮತಿ ಕಡ್ಡಾಯ ಮಾಡಿತ್ತು. ಮಾರ್ಚ್‌ನಲ್ಲಿ ಇಟಲಿ ಆಸ್ಟ್ರೇಲಿಯಾಕ್ಕೆ ಹೋಗಬೇಕಿದ್ದ ಎರಡೂವರೆ ಲಕ್ಷ ಡೋಸ್ ತಡೆಯಿತು. ಜಾಗತಿಕ ವ್ಯಾಪಾರ ನಿಯಮಗಳೂ ಹೀಗೆ ತಡೆಯುವವರ ಕೈ ಕಟ್ಟಿಹಾಕುವುದಿಲ್ಲ. ರಫ್ತಿಗೆ ಅಡ್ಡಿ ಮಾಡಬಾರದು ಎನ್ನುವ 1947ರ ಗ್ಯಾಟ್ ಒಪ್ಪಂದದ 11ನೇ ವಿಧಿಯಲ್ಲೇ, ಆಹಾರ ಮತ್ತು ಅಗತ್ಯ ವಸ್ತುಗಳ ತೀವ್ರ ಅಭಾವವಿದ್ದರೆ ತಾತ್ಕಾಲಿಕವಾಗಿ ತಡೆಯಬಹುದು ಎಂಬ ವಿನಾಯಿತಿ ಇದೆ. ಪೇಟೆಂಟ್ ಸಡಿಲಿಸಿ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಳಿದ್ದಕ್ಕೆ ಅರೆಬರೆ ಉತ್ತರ ಸಿಕ್ಕಿದ್ದು 2022ರ ಜೂನ್‌ನಲ್ಲಿ.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಾಡಿದ ದೇಶ ಆಫ್ರಿಕಾದ ಮೊಜಾಂಬಿಕ್. 2016ರಲ್ಲಿ ಭಾರತ ಆ ದೇಶದೊಂದಿಗೆ ತೊಗರಿ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಐದು ವರ್ಷದಲ್ಲಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್‌ಗೆ ಏರಿಸುವುದು ಉದ್ದೇಶ. ಅಲ್ಲಿನ ಸಣ್ಣ ರೈತರು ಬೆಳೆದ ತೊಗರಿಯ ದೊಡ್ಡ ಪಾಲು ನಮ್ಮ ಸಾರಿನ ಪಾತ್ರೆಗೇ ಬರುತ್ತದೆ. ಮರುವರ್ಷ, 2017ರಲ್ಲಿ, ನಮ್ಮಲ್ಲಿ ಬಂಪರ್ ಬೆಳೆ ಬಂದು ದರ ಕುಸಿದಾಗ ನಾವು ಆಮದಿಗೆ ಮಿತಿ ಹಾಕಿದೆವು. ಅಲ್ಲಿ ತೊಗರಿ ಕೇಳುವವರಿಲ್ಲದಂತಾಯಿತು. 2021ರ ಮಾರ್ಚ್‌ನಲ್ಲಿ ಕೋವ್ಯಾಕ್ಸ್ ಮೂಲಕ ಆ ದೇಶಕ್ಕೆ ಬಂದ ಮೊದಲ ಲಸಿಕೆ ನಮ್ಮ ಪುಣೆಯದೇ. ಆಮೇಲೆ ನಾವು ನಿಲ್ಲಿಸಿದೆವು. ಮೇನಲ್ಲಿ ಅವರ ತೊಗರಿಗೆ ಬಾಗಿಲನ್ನು ಇನ್ನಷ್ಟು ಅಗಲ ತೆರೆದೆವು. ಬೇವಿನ ಮರದ ಕೆಳಗೆ ಕೂತ ನಮ್ಮ ಕಾಕಾನಂಥ ಒಬ್ಬ ತೊಗರಿ ರೈತ ಅಲ್ಲಿಯೂ ಎರಡನೇ ಡೋಸ್‌ಗೆ ಕಾದಿರಬೇಕು. ಬಾಗಿಲಿನ ಚಿಲಕ ಇಬ್ಬರ ಕೈಯಲ್ಲೂ ಇರಲಿಲ್ಲ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ, ಬಿತ್ತನೆಗೆ ಮುಂಚೆ, ಕಾಕಾನಿಗೆ ಫೋನ್ ಬಂತು. ಸಿಸ್ಟರ್ ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬಿಯಿಂದ ವಯಲ್ ತೆಗೆದರು. ತೆರೆದ ವಯಲ್ ನಾಲ್ಕು ತಾಸಿನೊಳಗೆ ಖಾಲಿಯಾಗಬೇಕು, ಅದಕ್ಕೇ ಅವರು ಹತ್ತು ಜನ ಕೂಡುವ ತನಕ ತೆರೆದಿರಲಿಲ್ಲ. ಹತ್ತನೆಯವರಿಗೆ ಹಾಕಿದ ಮೇಲೆ ವಯಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ಮೂಲೆಯಲ್ಲಿ ಇನ್ನೂ ಅರ್ಧ ಮಿಲಿಲೀಟರ್ ಇತ್ತು. "ಇನ್ನೊಬ್ರು ಬರ್ರಿ" ಎಂದು ಕೂಗಿದರು. ಪಾಳಿಯಲ್ಲಿದ್ದ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು.

ಅಂದು ಬೈಕಿನ ಮೇಲೆ ವಾಪಸ್ ಬರುವಾಗ ಕಾಕಾ ತನ್ನ ಅಪ್ಪನ ಕಾಲದ ಕಣದ ಮಾತು ತೆಗೆದ. ರಾಶಿ ಪೂಜೆ ಆಗಿ ಚೀಲದ ಬಾಯಿ ಹೊಲಿಯುವ ಮೊದಲೇ ಬಡಿಗ, ಕಮ್ಮಾರ, ಅಗಸರಿಗೆ ಆಯ ಅಳೆದು ಕೊಡುತ್ತಿದ್ದರು. ಬೆಳೆ ಹೆಚ್ಚು ಬಂದರೆ ಅವರಿಗೂ ಹೆಚ್ಚು, ಕಡಿಮೆ ಬಂದರೆ ಕಡಿಮೆ. ಬರಗಾಲವೆಂದು ಪೂರಾ ಇಲ್ಲ ಅನ್ನುವಂತಿರಲಿಲ್ಲ. ಆ ಪದ್ಧತಿಯೊಳಗೆ ಜಾತಿಯ ಅನ್ಯಾಯ ತುಂಬಿತ್ತು. ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ರಾಶಿ ಆದ ಮೇಲೆ ಮನಸ್ಸು ಮಾಡುವುದಲ್ಲ, ರಾಶಿಗೆ ಮೊದಲೇ ಪಾಲು ಗೊತ್ತಾಗಿರಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು.

2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿದಾಗ ನನಗೆ ಆ ಕಣ ನೆನಪಾಯಿತು. ಮುಂದಿನ ಮಹಾಮಾರಿಯಲ್ಲಿ, ಒಪ್ಪಂದಕ್ಕೆ ಸೇರಿದ ಲಸಿಕೆ ತಯಾರಕರು ಆಯಾ ಹೊತ್ತಿಗೆ ತಯಾರಾದದ್ದರಲ್ಲಿ ನೂರಕ್ಕೆ 20 ಪಾಲನ್ನು ವಿಶ್ವ ಆರೋಗ್ಯ ಸಂಸ್ಥೆಗೆ ದೊರಕಿಸಬೇಕು, ಅದರಲ್ಲಿ ಕನಿಷ್ಠ 10 ಪಾಲು ದಾನವಾಗಿ, ಎಂಬ ಗುರಿ ಅದರಲ್ಲಿದೆ. ಇಷ್ಟು ಡೋಸ್ ಎಂದು ಸಂಖ್ಯೆ ಕಟ್ಟದೆ ಉತ್ಪಾದನೆಯ ಪಾಲು ಎಂದಿರುವುದು ನನಗೆ ಬಹಳ ಹಿಡಿಸಿತು. ತಯಾರಿಸುವ ದೇಶ ತನ್ನ ಜನಕ್ಕೆ ದೊಡ್ಡ ಪಾಲು ಇಟ್ಟುಕೊಳ್ಳಬಹುದು, ಆದರೆ ಹೊರಗಿನ ಹರಿವು ಪೂರ್ತಿ ಬತ್ತುವುದಿಲ್ಲ. ಕಾಕಾನಂಥವನಿಗೆ ನಾಲ್ಕು ದಿನ ತಡವಾಗಬಹುದು. ಮೊಜಾಂಬಿಕ್‌ನವನಿಗೆ ನವೆಂಬರ್ ತನಕ ಕಾಯುವ ಗತಿ ಬರುವುದಿಲ್ಲ. ಸಮಿತಿಯ ಮತದಾನದಲ್ಲಿ 124 ದೇಶಗಳು ಪರ, ವಿರೋಧ ಯಾರೂ ಇಲ್ಲ, 11 ದೇಶಗಳು ತಟಸ್ಥ. ಅಮೆರಿಕ ಇದರಲ್ಲಿ ಭಾಗವಹಿಸಲಿಲ್ಲ.

ಊರಿಗೆ ಹೋದಾಗ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಕಟ್ಟೆಯ ಮೇಲೆ ಕೂತು ತೊಗರಿ ಬೀಜ ಆರಿಸುತ್ತಿದ್ದ. ತಲೆ ಎತ್ತದೆಯೇ ಕೇಳಿದ: "ಪಾಲೇನೋ ಬರದಾರ. ಕಣಕ್ಕ ಬಂದು ಅಳಿಯಾಂವ ಯಾರು?"

ಯಾವ ಕಂಪನಿ, ಯಾವ ಹೊತ್ತಿಗೆ, ಯಾವ ಕರಾರಿನ ಮೇಲೆ ಕೊಡಬೇಕು ಎಂಬುದೆಲ್ಲ ಒಂದು ಅನುಬಂಧದಲ್ಲಿ ಬರಬೇಕು. ಒಪ್ಪಂದಕ್ಕೆ ಕೈ ಎತ್ತಿದ ದಿನ ಆ ಅನುಬಂಧವನ್ನು ಮುಂದಿನ ಮಾತುಕತೆಗೆ ಬಿಟ್ಟಿದ್ದರು. ಅದನ್ನು ಹೇಳಿದೆ. ಕಾಕಾ ಮೊರದೊಳಗಿನ ಒಂದು ಹುಳುಕು ಕಾಳು ಎತ್ತಿ ಅಂಗಳಕ್ಕೆ ಎಸೆದ.