ಬಿಡಿಸಿಟ್ಟ ಹಿಮ್ಮಡಿ

ಮೊಣಕಾಲು ನೋವೆಂದು ಬಂದವರನ್ನು ನಾನು ಬಂದ ಕೂಡಲೇ ಮಂಚದ ಮೇಲೆ ಮಲಗಿಸುವುದಿಲ್ಲ. ಚಪ್ಪಲಿ ಬಿಟ್ಟು, ಹೊರಗಿನ ಉದ್ದ ಪಡಸಾಲೆಯಲ್ಲಿ ಒಮ್ಮೆ ಹೋಗಿ ಬನ್ನಿ ಎನ್ನುತ್ತೇನೆ. ಅವರು ನಡೆಯುವಾಗ ನನ್ನ ಕಣ್ಣು ಒಂದೇ ಗಳಿಗೆಗಾಗಿ ಕಾಯುತ್ತಿರುತ್ತದೆ: ಹಿಂದೆ ಉಳಿದ ಕಾಲಿನ ಹಿಮ್ಮಡಿ ನೆಲ ಬಿಡುವ ಗಳಿಗೆ. ಅದು ಬೇಗ ಎದ್ದರೆ ಮೀನಖಂಡ ಬಿಗಿದುಕೊಂಡಿರುತ್ತದೆ, ತಡವಾಗಿ ಎದ್ದರೆ ಮೀನಖಂಡ ಸೋತಿರುತ್ತದೆ, ಒಂದು ಕಡೆ ಬೇಗ ಇನ್ನೊಂದು ಕಡೆ ತಡವಾದರೆ ನೋವಿನ ಕಾರಣವನ್ನು ಸೊಂಟದಲ್ಲೋ ಹಳೆಯ ಉಳುಕಿನಲ್ಲೋ ಹುಡುಕಬೇಕಾಗುತ್ತದೆ. ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತ ಇಪ್ಪತ್ತು ವರ್ಷ ಕಳೆದಿರುವ ನನಗೆ ನಡಿಗೆಯೆಂದರೆ ಹಿಮ್ಮಡಿ ಏಳುವ ಕ್ರಿಯೆ. ಉಳಿದದ್ದೆಲ್ಲ ಅದರ ಹಿಂದುಮುಂದು.

ಇಷ್ಟು ಪೀಠಿಕೆಯ ನಂತರ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕುರಿತು ಬರೆಯುತ್ತೇನೆಂದರೆ ವಿಚಿತ್ರವೆನಿಸಬಹುದು. ಬೆಳಿಗ್ಗೆ ಹತ್ತು ಗಂಟೆಗೆ ಸ್ವೆಟರ್ ಬಿಚ್ಚಿಡುವ ಊರು ನಮ್ಮದು. ಆದರೆ ಕಳೆದ ಕೆಲವು ವರ್ಷಗಳಿಂದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ನನ್ನ ಬಳಿ ಬರುವವರ ಪೈಕಿ ಒಂದು ಹೊಸ ಬಗೆಯವರು ಸೇರಿಕೊಂಡಿದ್ದಾರೆ. ಗುಲ್ಮಾರ್ಗ್‌ಗೋ ಔಲಿಗೋ ಸೋಲಾಂಗ್ ಕಣಿವೆಗೋ, ಹೀಗೆ ಹಿಮಾಲಯದ ಯಾವುದಾದರೂ ಹಿಮದ ತಾಣಕ್ಕೆ ಹೋಗಿ, ಒಂದು ವಾರ ಸ್ಕೀ ಕಲಿತು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ವಿಮಾನ ಇಳಿದು ನೇರ ನನ್ನ ಬಾಗಿಲಿಗೆ ಬರುವವರು. ನಾನೂ ಮೊದಲ ಸಲ ಹಾಗೆಯೇ ಕುಂಟುತ್ತ ಮರಳಿದವನೇ ಆದ್ದರಿಂದ ಅವರನ್ನು ಗದರಿಸುವ ನೈತಿಕ ಹಕ್ಕು ನನಗಿಲ್ಲ.

ಪ್ರವಾಸಿಗರಿಗೆ ಸಾಮಾನ್ಯವಾಗಿ ಕಲಿಸುವುದು ಆಲ್ಪೈನ್ ಸ್ಕೀಯಿಂಗ್, ಅಂದರೆ ಬೆಟ್ಟದ ಮೇಲಿನಿಂದ ಕೆಳಕ್ಕೆ ಜಾರಿ ಇಳಿಯುವ ಬಗೆ. ಅದರಲ್ಲಿ ಗಟ್ಟಿ ಪ್ಲಾಸ್ಟಿಕ್‌ನ ಬೂಟು ಕಣಕಾಲನ್ನು ಅಲುಗದಂತೆ ಹಿಡಿಯುತ್ತದೆ. ಬೂಟಿನ ಮುಂದುದಿ, ಹಿಮ್ಮಡಿ ಎರಡನ್ನೂ ಸ್ಕೀಗೆ ಬಿಗಿಯಲಾಗುತ್ತದೆ. ಇಳಿಜಾರಿನಲ್ಲಿ ವೇಗವಾಗಿ ತಿರುಗಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯಿಲ್ಲ. ತೊಡಕಿರುವುದು ಬೀಳುವಾಗ. ಕಾಲಿಗೆ ಕಟ್ಟಿದ ಉದ್ದದ ಹಲಗೆಯೊಂದು ಹಿಮದಲ್ಲಿ ಸಿಕ್ಕಿ ತಿರುಚಿಕೊಂಡಾಗ ಆ ತಿರುಚನ್ನು ಹಂಚಿಕೊಳ್ಳಬೇಕಿದ್ದ ಕಣಕಾಲು ಪ್ಲಾಸ್ಟಿಕ್‌ನೊಳಗೆ ಬಂದಿಯಾಗಿರುತ್ತದೆ. ಸನ್ನೆಕೋಲಿನ ಬಲವೆಲ್ಲ ಮೇಲಿನ ಕೀಲಿಗೆ, ಅಂದರೆ ಮೊಣಕಾಲಿನೊಳಗಿನ ಅಸ್ಥಿರಜ್ಜುಗಳಿಗೆ ಬೀಳುತ್ತದೆ. ಬೂಟನ್ನು ಹಿಡಿದಿರುವ ಬಂಧವು ಇಂಥ ಸಂದರ್ಭದಲ್ಲಿ ತಾನಾಗಿ ಕಳಚಿಕೊಳ್ಳಬೇಕು, ಅದಕ್ಕಾಗಿ ಸವಾರನ ತೂಕ, ಎತ್ತರ, ವಯಸ್ಸು, ಅನುಭವಗಳಿಗೆ ತಕ್ಕಂತೆ ಅದನ್ನು ಹೊಂದಿಸಬೇಕು. ನನಗೆ ಬಾಡಿಗೆಗೆ ಕೊಟ್ಟ ಅಂಗಡಿಯವನು ನನ್ನ ತೂಕವನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಚಹಾ ಕುಡಿದೆವು. ಮೂರನೆಯ ದಿನ ಮೊಣಕಾಲಿನ ಒಳಪಕ್ಕದ ಅಸ್ಥಿರಜ್ಜು ಎಳೆದುಕೊಂಡಿತು.

ಸ್ಕೀ ಕಳಚಿ ಕುಳಿತ ಆ ಉಳಿದ ದಿನಗಳಲ್ಲೇ ನಾನು ಇನ್ನೊಂದು ಬಗೆಯ ಸವಾರರನ್ನು ಗಮನಿಸಿದ್ದು. ಚಳಿಗಾಲದಲ್ಲಿ ಹಿಮದಡಿ ಮುಚ್ಚಿಹೋಗುವ ಗುಲ್ಮಾರ್ಗ್‌ನ ಗಾಲ್ಫ್ ಮೈದಾನದ ಅಂಚಿನಲ್ಲಿ ಮಧ್ಯವಯಸ್ಸಿನ ಒಬ್ಬಾತ ಕಿರಿದಾದ ಸ್ಕೀ ತೊಟ್ಟು ಮಟ್ಟಸ ನೆಲದಲ್ಲಿ, ಯಾವ ಇಳಿಜಾರಿನ ಸಹಾಯವೂ ಇಲ್ಲದೆ, ಜಾರುತ್ತ ಹೋಗುತ್ತಿದ್ದ. ಪ್ರತಿ ಹೆಜ್ಜೆಗೂ ಅವನ ಹಿಂದಿನ ಹಿಮ್ಮಡಿ ಸ್ಕೀಯಿಂದ ಎದ್ದು ಮತ್ತೆ ಕೂರುತ್ತಿತ್ತು. ನನ್ನ ಪಡಸಾಲೆಯಲ್ಲಿ ದಿನವೂ ಕಾಣುವ ಅದೇ ಗಳಿಗೆ, ಆದರೆ ಹಿಗ್ಗಿಸಿ, ನಿಧಾನಿಸಿ ತೋರಿಸಿದಂತೆ. ಅವನು ಮೈದಾನ ಮುಗಿಸಿ ಫರ್ ಮರಗಳ ನಡುವೆ ಮರೆಯಾದ; ಯಾರೂ ಅವನನ್ನು ತಂತಿಯ ತೊಟ್ಟಿಲಲ್ಲಿ ಮೇಲಕ್ಕೆ ಒಯ್ಯಬೇಕಾಗಿರಲಿಲ್ಲ.

ಈ ಬಗೆಯಲ್ಲಿ ಬೂಟಿನ ಮುಂದುದಿ ಮಾತ್ರ ಸ್ಕೀಗೆ ಅಂಟಿಕೊಂಡಿರುತ್ತದೆ. 1927ರಲ್ಲಿ ನಾರ್ವೆಯ ಬ್ರೂರ್ ವಿಥ್ ರೂಪಿಸಿದ ಬಂಧದಲ್ಲಿ ಅಟ್ಟೆಯ ಮುಂಚಾಚನ್ನು ಮೂರು ಮೊಳೆಗಳ ಮೇಲೆ ಕೂರಿಸಿ ಒಂದು ಸರಳು ಅದುಮಿ ಹಿಡಿಯುತ್ತದೆ. ಅದರ ಹೆಸರು ರೊಟ್ಟೆಫೆಲ್ಲಾ, ಅಂದರೆ ಇಲಿಬೋನು; ನೋಡಲು ಹಾಗೆಯೇ ಇದೆ. 75 ಮಿಲಿಮೀಟರ್ ಅಗಲದ ಈ ಬಗೆಯ ಬಂಧ ಇಂದಿಗೂ ಬಳಕೆಯಲ್ಲಿದೆ. ಸ್ಕೀಯ ಜಾಣತನ ಇನ್ನೂ ಸೂಕ್ಷ್ಮವಾದದ್ದು. ನೆಲದ ಮೇಲೆ ಇಟ್ಟಾಗ ಅದರ ನಡುಭಾಗ ಕಮಾನಿನಂತೆ ತುಸು ಮೇಲೆದ್ದಿರುತ್ತದೆ. ಎರಡೂ ಸ್ಕೀಗಳ ಮೇಲೆ ಭಾರ ಹಂಚಿಕೆಯಾದಾಗ ಆ ಕಮಾನು ಹಿಮಕ್ಕೆ ಪೂರ್ತಿ ತಗುಲುವುದಿಲ್ಲ, ನುಣುಪಾದ ತುದಿಗಳು ಜಾರುತ್ತವೆ. ಒಂದೇ ಕಾಲಿನ ಮೇಲೆ ಪೂರ್ಣ ಭಾರ ಹಾಕಿ ಒದ್ದಾಗ ಕಮಾನು ಚಪ್ಪಟೆಯಾಗಿ, ನಡುಭಾಗಕ್ಕೆ ಸವರಿದ ಮೇಣವೋ ಅಲ್ಲಿ ಕೆತ್ತಿದ ಮೀನಿನ ಹುರುಪೆಯಂಥ ಗೀರುಗಳೋ ಹಿಮವನ್ನು ಕಚ್ಚಿ ಹಿಡಿಯುತ್ತವೆ. ಹಿಡಿತ ಬೇಕಾದಾಗ ಹಿಡಿತ, ಜಾರಬೇಕಾದಾಗ ಜಾರು. ಎರಡನ್ನೂ ನಿರ್ಧರಿಸುವುದು ದೇಹದ ಭಾರ ಯಾವ ಪಾದದ ಮೇಲಿದೆ ಎಂಬುದೊಂದೇ.

ಮೇಣದ ಆಯ್ಕೆ ಒಂದು ಪ್ರತ್ಯೇಕ ಶಾಸ್ತ್ರ. ಚಳಿ ಹೆಚ್ಚಿದ್ದಾಗ ಹಿಮದ ಹರಳುಗಳು ಚೂಪಾಗಿರುವುದರಿಂದ ಗಟ್ಟಿ ಮೇಣ, ಬಿಸಿಲೇರಿ ಹರಳು ಮೊಂಡಾದಾಗ ಮೆತ್ತನೆಯದು. ಆರಂಭಿಕರು ಹುರುಪೆಯಿರುವ ಸ್ಕೀ ತೆಗೆದುಕೊಂಡು ಈ ತಲೆನೋವಿನಿಂದ ಪಾರಾಗುವುದೇ ವಾಸಿ.

ಇತಿಹಾಸದಲ್ಲಿ ಹಿಮ್ಮಡಿ ಮೊದಲಿನಿಂದಲೂ ಬಿಡುವಾಗಿಯೇ ಇತ್ತು, ಕಟ್ಟಿದ್ದು ನಂತರ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಸ್ಕೀ ಎಂಬ ಮಾತಿನ ಮೂಲ ಅರ್ಥವೇ ಸೀಳಿದ ಮರದ ತುಂಡು. ಸಾವಿರಾರು ವರ್ಷ ಅದು ಉತ್ತರದ ಜನರಿಗೆ ಬೇಟೆಗೆ ಹೋಗುವ, ನೆಂಟರ ಮನೆಗೆ ಹೋಗುವ ಪಾದರಕ್ಷೆಯಾಗಿತ್ತು. ನಾರ್ವೆಯ ಟೆಲಿಮಾರ್ಕ್ ಸೀಮೆಯ ಮೋರ್ಗೆಡಾಲ್‌ನ ಬಡ ಗೇಣಿದಾರ ಸೋಂದ್ರೆ ನೋರ್ಹೈಮ್ (1825–1897) ಹಿಮ್ಮಡಿಯ ಹಿಂದೆ ಬಳ್ಳಿಯಂಥ ಹುರಿಯ ಬಂಧವನ್ನು ಸುತ್ತಿ, ಪಾದ ಸ್ಕೀಯಿಂದ ಕಳಚದಂತೆ, ಆದರೆ ಹಿಮ್ಮಡಿ ಏಳುವಂತೆ ಮಾಡಿಕೊಂಡ. 1868ರಲ್ಲಿ ಇಂದಿನ ಓಸ್ಲೋದಲ್ಲಿ ನಡೆದ ಸ್ಪರ್ಧೆಯಲ್ಲಿ ನಗರದವರನ್ನು ಬೆರಗುಗೊಳಿಸಿದ. ಮುಂದಿನ ಕಾಲು ಬಾಗಿಸಿ, ಹಿಂದಿನ ಮಂಡಿಯನ್ನು ಸ್ಕೀ ಮುಟ್ಟುವಷ್ಟು ಇಳಿಸಿ ತಿರುಗುವ ರೀತಿಗೆ ಅವನ ಸೀಮೆಯ ಹೆಸರೇ ನಿಂತಿತು. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಐವರು ಸಂಗಡಿಗರೊಡನೆ ಗ್ರೀನ್‌ಲ್ಯಾಂಡಿನ ಹಿಮದ ಹಾಸನ್ನು ದಾಟಿದಾಗಲೂ ಬಳಸಿದ್ದು ಹಿಮ್ಮಡಿ ಬಿಟ್ಟ ಸ್ಕೀಗಳನ್ನೇ. ಹಿಮ್ಮಡಿಯನ್ನು ಕೆಳಗೆ ಹಿಡಿದಿಡುವ ಕಂದಾಹಾರ್ ಕೇಬಲ್ ಬಂಧ ಬಂದದ್ದು 1930ರ ಆಸುಪಾಸಿನಲ್ಲಿ. (ಆ ಹೆಸರಿನ ಸ್ಕೀ ಸ್ಪರ್ಧೆಯ ಮೂಲಕ ಅದು ಆಫ್ಘನ್ ಯುದ್ಧದ ಬ್ರಿಟಿಷ್ ಸೇನಾನಿಯೊಬ್ಬನ ಬಿರುದಿನಿಂದ ಬಂದದ್ದು, ನಮ್ಮ ಕಡೆಯ ಊರಿನ ಹೆಸರು ಆಲ್ಪ್ಸ್ ತನಕ ಹೋದ ದಾರಿ ಸೋಜಿಗದ್ದು.) 1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ಕುರ್ಚಿಯ ಲಿಫ್ಟ್ ಬಂತು. ಮೇಲೇರಿಸುವ ಕೆಲಸ ಯಂತ್ರದ್ದಾದ ಮೇಲೆ ಹಿಮ್ಮಡಿ ಏಳುವ ಅಗತ್ಯವೇ ಉಳಿಯಲಿಲ್ಲ. ಇಳಿಯುವುದಷ್ಟೇ ಸ್ಕೀಯಿಂಗ್ ಎನಿಸಿಕೊಂಡಿತು. ನನ್ನ ಮಟ್ಟಿಗೆ ಆ ಬದಲಾವಣೆಯಲ್ಲಿ ಆಟದ ಮುಕ್ಕಾಲು ಪಾಲು ಕಳೆದುಹೋಯಿತು.

ಮರುವರ್ಷ ಗುಣವಾದ ಮೊಣಕಾಲಿನೊಡನೆ ಹೋಗಿ ಸ್ಥಳೀಯ ಮಾರ್ಗದರ್ಶಕರೊಬ್ಬರಿಂದ ಹಿಮ್ಮಡಿ ಬಿಟ್ಟ ಸ್ಕೀಯನ್ನು ಮೊದಲಿನಿಂದ ಕಲಿತೆ. ಮೊದಲ ಅರ್ಧ ದಿನ ಕೈಗೆ ಕೋಲು ಕೊಡಲಿಲ್ಲ. ಕೋಲಿದ್ದರೆ ಎಲ್ಲರೂ ಅದಕ್ಕೆ ಜೋತುಬಿದ್ದು ಕಾಲಿನ ಸಮತೋಲವನ್ನು ಕಲಿಯುವುದೇ ಇಲ್ಲ. ನಾನು ಎಂಟು ಬಾರಿ ಬಿದ್ದೆ. ಒಂಬತ್ತನೆಯ ಬಾರಿ ಬೀಳುವ ಮುನ್ನ ನೆನಪಾದದ್ದು ಪಾಂಡವಪುರದ ಬಳಿಯ ನನ್ನ ಸೋದರಮಾವನ ಗದ್ದೆ. ನಾಲೆಗೆ ನೀರು ಬಿಟ್ಟ ಮೇಲೆ ಉತ್ತ ಕೆಸರನ್ನು ಮಟ್ಟ ಮಾಡಲು ಜೋಡೆತ್ತಿಗೆ ಹಲಗೆ ಕಟ್ಟಿ, ಅದರ ಮೇಲೆ ನಿಂತು ಹೊಡೆಯುತ್ತಿದ್ದ ಮಾವ ಒಮ್ಮೆ ನನ್ನನ್ನೂ ಹತ್ತಿಸಿಕೊಂಡು, "ಮಂಡಿ ಬಿಗಿ ಮಾಡ್ಬ್ಯಾಡ, ಸಡ್ಲ ಬುಡು, ಹಲಗೆ ಹೋದಂಗೆ ನೀನೂ ಹೋಗು" ಎಂದಿದ್ದರು. ಕೆಸರಿನಲ್ಲಿ ಹಲಗೆ ಯಾವ ಕಡೆ ಎಳೆದರೂ ಮಂಡಿಯೇ ಅದನ್ನು ನುಂಗಿಕೊಳ್ಳಬೇಕು, ಸೊಂಟದಿಂದ ಮೇಲೆ ಅದು ತಿಳಿಯಬಾರದು. ಗುಲ್ಮಾರ್ಗ್‌ನ ಮಾರ್ಗದರ್ಶಕ ಹಿಂದಿಯಲ್ಲಿ ಹೇಳುತ್ತಿದ್ದುದೂ ಅದನ್ನೇ. ನನಗೆ ಅರ್ಥವಾದದ್ದು ಮಂಡ್ಯದ ಕನ್ನಡದಲ್ಲಿ.

ಆನಂತರ ಬಂದ ಸುಖವನ್ನು ವೃತ್ತಿಯ ಮಾತಿನಲ್ಲೇ ವಿವರಿಸಲು ಪ್ರಯತ್ನಿಸುತ್ತೇನೆ. ನೆಲದ ಮೇಲೆ ನಡೆಯುವಾಗ ಒಂಟಿ ಕಾಲಿನ ಮೇಲೆ ನಾವು ನಿಲ್ಲುವುದು ಅರ್ಧ ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಇನ್ನೊಂದು ಪಾದ ನೆಲಕ್ಕೆ ಬಂದು ನಮ್ಮನ್ನು ಉಳಿಸುತ್ತದೆ. ಹಿಮದ ಮೇಲೆ ಒಂದು ಒದೆತದ ನಂತರ ಮುಂದಿನ ಸ್ಕೀ ಜಾರುತ್ತಲೇ ಇರುವುದರಿಂದ ಆ ಒಂಟಿ ಕಾಲಿನ ಕ್ಷಣ ಎರಡು, ಮೂರು ಪಟ್ಟು ಹಿಗ್ಗುತ್ತದೆ. ಹಿಂದಿನ ಕಾಲು ಗಾಳಿಯಲ್ಲಿ ತೂಗಿ, ವಿರುದ್ಧ ದಿಕ್ಕಿನ ಕೈ ಮುಂದೆ ಚಾಚಿ, ದೇಹವೆಲ್ಲ ಒಂದು ಪಾದದ ಮೇಲೆ ನಿಂತು ಸದ್ದಿಲ್ಲದೆ ಸಾಗುತ್ತದೆ. ತೋಳು, ಬೆನ್ನು, ಹೊಟ್ಟೆ, ತೊಡೆ ಎಲ್ಲವೂ ಪಾಲುಗೊಳ್ಳುವುದರಿಂದ ಯಾವ ಒಂದು ಕೀಲೂ ಪೆಟ್ಟು ತಿನ್ನುವುದಿಲ್ಲ. ಓಟದಲ್ಲಿರುವಂತೆ ಪ್ರತಿ ಹೆಜ್ಜೆಗೂ ನೆಲ ಮೇಲಕ್ಕೆ ಗುದ್ದುವುದಿಲ್ಲ. ಹೃದಯ, ಶ್ವಾಸಕೋಶಗಳಿಗೆ ಮಾತ್ರ ಪೂರ್ಣ ದುಡಿಮೆ. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಅಳತೆಯಲ್ಲಿ, ಹೀಗೆ ಹಿಮ್ಮಡಿ ಬಿಟ್ಟು ದೂರ ದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಪಟುಗಳು ಎಲ್ಲ ಕ್ರೀಡಾಳುಗಳ ಮುಂಚೂಣಿಯಲ್ಲಿರುವುದು ಇದೇ ಕಾರಣಕ್ಕೆ. ನಮ್ಮ ನೆರೆಯ ಕೊಡಗಿನ ತೆಕ್ಕಡ ಭವಾನಿ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದದ್ದು ಇದೇ ಬಗೆಯಲ್ಲಿ, ನಾರ್ಡಿಕ್ ಎಂದು ಕರೆಯುವ ಹಿಮ್ಮಡಿ ಬಿಟ್ಟ ಸ್ಕೀಯ ವಿಭಾಗದಲ್ಲಿ; ಅವರ ಸ್ಪರ್ಧೆಯ ಸ್ಕೀ ಇನ್ನೂ ಕಿರಿದು, ಹಗುರ, ಆದರೆ ಹಿಮ್ಮಡಿಯ ನಿಯಮ ಅದೇ.

ಏರುವುದು ಇದಕ್ಕಿಂತ ದೊಡ್ಡ ಸುಖ. ಸ್ಕೀಯ ತಳಕ್ಕೆ ಒಂದು ಪಟ್ಟಿಯನ್ನು ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮ, ಈಗ ನೈಲಾನ್ ಅಥವಾ ಮೊಹೇರ್ ಎಂಬ ಮೇಕೆಯ ಉಣ್ಣೆ. ಅದರ ರೋಮಗಳೆಲ್ಲ ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡುವುದಿಲ್ಲ. ಹೆಜ್ಜೆ ಎತ್ತಿಡದೆ ಸ್ಕೀಯನ್ನು ಎಳೆದುಕೊಂಡೇ ಬೆಟ್ಟ ಏರಬೇಕು. ಮೊದಲ ಗಂಟೆಯಲ್ಲಿ ಉಸಿರು, ಬೆವರು, ಬೆನ್ನುಚೀಲದ ಭಾರ ಮೂರೇ ಇರುತ್ತವೆ. ಎರಡನೆಯ ಗಂಟೆಯಲ್ಲಿ ಲಯ ಸಿಗುತ್ತದೆ, ಪಟ್ಟಿ ಹಿಮವನ್ನು ಉಜ್ಜುವ ಸದ್ದಷ್ಟೇ ಕೇಳಿಸುತ್ತದೆ, ಕೊಂಬೆಯಿಂದ ಹಿಮ ಉದುರಿದರೆ ತಲೆಯೆತ್ತಿ ನೋಡುವಷ್ಟು ಬಿಡುವಿರುತ್ತದೆ. ಎರಡು ಗಂಟೆ ಏರಿದ್ದನ್ನು ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತೇವೆ. ಲಾಭನಷ್ಟದ ಲೆಕ್ಕ ಹಾಕುವವರಿಗೆ ಇದು ಹೊಂದುವುದಿಲ್ಲ.

ಇಳಿಯುವಾಗ ಟೆಲಿಮಾರ್ಕ್ ತಿರುವು. ಎರಡೂ ಕಾಲಿನ ಮೇಲೆ ಸಮನಾಗಿ ಭಾರವಿಡಬೇಕು. ಕಲಿಯುವವರೆಲ್ಲ ಮುಂದಿನ ಕಾಲಿಗೇ ಒರಗಿ, ಹಿಂದಿನ ಸ್ಕೀ ಅಂಡಲೆಯುವಂತೆ ಮಾಡಿಕೊಳ್ಳುತ್ತಾರೆ. ನಾನು ಇಂದಿಗೂ ಎಡಕ್ಕೆ ಚೆನ್ನಾಗಿ ತಿರುಗಿ ಬಲಕ್ಕೆ ಬೀಳುತ್ತೇನೆ. ಹಿಮ್ಮಡಿ ಬಿಟ್ಟಿದೆಯೆಂದರೆ ಗಾಯವೇ ಆಗದೆಂದು ಭಾವಿಸಬಾರದು. ಮೂರು ಮೊಳೆಯಂಥ ಹಳೆಯ ಮಾದರಿಯ ಬಂಧಗಳು ಬಿದ್ದಾಗ ತಾವಾಗಿ ಕಳಚಿಕೊಳ್ಳುವುದಿಲ್ಲ. ಕೋಲನ್ನು ಹಿಡಿದೇ ಬಿದ್ದರೆ ಕೈಯ ಹೆಬ್ಬೆರಳಿನ ಬುಡದ ಒಳಪಕ್ಕದ ಅಸ್ಥಿರಜ್ಜು ಹರಿಯಬಹುದು; ಬೀಳುವಾಗ ಕೋಲು ಬಿಟ್ಟುಬಿಡುವುದನ್ನು ಅಭ್ಯಾಸ ಮಾಡಲೇಬೇಕು.

ಸಿದ್ಧತೆಗೆ ಮೈಸೂರಿಗಿಂತ ಅನುಕೂಲದ ಊರು ಕಡಿಮೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಏರುವವರು ಬಹಳ. ನಾನು ಹೇಳುವುದು ಇಳಿಯಿರಿ ಎಂದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಟೆಲಿಮಾರ್ಕ್ ತಿರುವು ಕೇಳುವುದು ಆ ಬಲವನ್ನೇ. ವಾರಕ್ಕೆ ಎರಡು ಬಾರಿ, ನಿಧಾನವಾಗಿ, ಪಕ್ಕದ ಕಂಬಿ ಹಿಡಿಯದೆ ಇಳಿಯಬೇಕು. ಮನೆಯಲ್ಲಿ ಎರಡು ಪರೀಕ್ಷೆ. ಗೋಡೆಯಿಂದ ಕಾಲಿನ ಹೆಬ್ಬೆರಳನ್ನು 10 ಸೆಂಟಿಮೀಟರ್ ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಆಗಬೇಕು. ಆಗದಿದ್ದರೆ ಕಣಕಾಲು ಬಿಗಿದಿದೆ. ಒಂಟಿ ಕಾಲಿನಲ್ಲಿ ನಿಂತು 20ರಿಂದ 25 ಬಾರಿ ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಲು ಆಗಬೇಕು; ಆಗದಿದ್ದರೆ ಮೂರನೆಯ ದಿನ ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜು ಊದಿಕೊಳ್ಳಬಹುದು. ಹೃದ್ರೋಗವೋ ನಿಯಂತ್ರಣಕ್ಕೆ ಬಾರದ ರಕ್ತದೊತ್ತಡವೋ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಗುಲ್ಮಾರ್ಗ್ ಸುಮಾರು 2,650. ಆ ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಮೊದಲ ಎರಡು ದಿನ ಮಟ್ಟಸ ಮೈದಾನದಲ್ಲೇ ಇರಿ.

ಸಲಕರಣೆಯ ಬಗ್ಗೆ ಒಂದೇ ಮಾತು: ಬಾಡಿಗೆಗೆ ಸಿಗುವುದರಲ್ಲಿ ಹೆಚ್ಚಿನದು ಹಿಮ್ಮಡಿ ಕಟ್ಟುವ ಬಗೆಯದೇ, ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ವಿಚಾರಿಸಿಕೊಳ್ಳಿ.

ಮೈದಾನ ಬಿಟ್ಟು ಬೆಟ್ಟದ ಒಳಗೆ ಹೋಗುವುದಾದರೆ ವಿಷಯ ಗಂಭೀರ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಮತ್ತು ಜೀವ ತೆಗೆಯುವ ಕುಸಿತಗಳಲ್ಲಿ ಹೆಚ್ಚಿನವನ್ನು ಎಬ್ಬಿಸುವುದು ಅದರಡಿ ಸಿಕ್ಕವರೇ ಅಥವಾ ಅವರ ಜೊತೆಗಾರರೇ. ಹೂತುಹೋದವರನ್ನು ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ವೇಗವಾಗಿ ಕುಗ್ಗುತ್ತದೆ. ಅಂದರೆ ಹೊರಗಿನಿಂದ ರಕ್ಷಣಾ ತಂಡ ಬರುವವರೆಗೆ ಕಾಯುವಂತಿಲ್ಲ, ಜೊತೆಯಲ್ಲಿದ್ದವರೇ ಅಗೆಯಬೇಕು. ಪ್ರತಿಯೊಬ್ಬರಲ್ಲೂ 457 ಕಿಲೋಹರ್ಟ್ಜ್‌ನ ಸಂಕೇತದಿಂದ ಹೂತವರ ಜಾಗ ಪತ್ತೆಮಾಡುವ ಸಾಧನ, ಹಿಮಕ್ಕೆ ಚುಚ್ಚಿ ಹುಡುಕುವ ಶೋಧಕ ಕಂಬಿ, ಸಲಿಕೆ ಇರಬೇಕು, ಅವನ್ನು ಬಳಸಿ ಅಭ್ಯಾಸವಿರಬೇಕು. ಹಿಮ ಬಲ್ಲ ಸ್ಥಳೀಯರು ಇವತ್ತು ಬೇಡ ಎಂದರೆ ಬೇಡ. ಅಷ್ಟು ದೂರದಿಂದ ಬಂದಿದ್ದೇವೆ ಎಂಬುದು ಬೆಟ್ಟಕ್ಕೆ ಸಂಬಂಧಿಸಿದ ವಿಷಯವಲ್ಲ. ಹಿಮ್ಮಡಿ ಬಿಟ್ಟ ಸ್ಕೀಯ ಒಂದು ಒಳ್ಳೆಯತನವೆಂದರೆ ಅಂಥ ದಿನವೂ ವ್ಯರ್ಥವಾಗುವುದಿಲ್ಲ; ಮೇಲಿನ ಇಳಿಜಾರುಗಳಿಂದ ದೂರವಿರುವ ತಗ್ಗಿನ ಮಟ್ಟಸ ನೆಲದಲ್ಲಿ ದಿನವಿಡೀ ಅಲೆದಾಡಬಹುದು.

ಬರುವ ಜನವರಿಯಲ್ಲಿ ನನ್ನೊಡನೆ ಮೂವರು ಹೊರಟಿದ್ದಾರೆ: ಕುಕ್ಕರಹಳ್ಳಿ ಕೆರೆ ಸುತ್ತುವ ಇಬ್ಬರು ಹಾಗೂ ಮಂಡ್ಯದ ಒಬ್ಬ ನಿವೃತ್ತ ಶಿಕ್ಷಕಿ. ಆ ಮೂವರಲ್ಲಿ ಬಲಗಾಲಿನಲ್ಲಿ ಇಪ್ಪತ್ತು ಬಾರಿ ಹಿಮ್ಮಡಿ ಎತ್ತಲು ಶಿಕ್ಷಕಿಗೆ ಮಾತ್ರ ಬರುತ್ತದೆ. ಉಳಿದಿಬ್ಬರಿಗೆ ನವೆಂಬರ್‌ವರೆಗೆ ಗಡುವು ಕೊಟ್ಟಿದ್ದೇನೆ.